ಮಾರ್ತಮ್ಮನ ಪಕ್ಕದ ಜಾಗ

ಪಾಲಯ್ಯನನ್ನು ನಾನು ಮೊದಲು ನೋಡಿದ್ದು ಹರಿಹರದ ನಮ್ಮ ಹೈಸ್ಕೂಲಿನಲ್ಲಿ, ಒಂದು ಬೇಸಿಗೆ ರಜೆಯಲ್ಲಿ. ಮುರಿದ ಬೆಂಚುಗಳ ರಿಪೇರಿಗೆಂದು ಬಂದಿದ್ದ ಬಡಗಿ ಆತ. ಬೆಂಚೊಂದನ್ನು ತಲೆಕೆಳಗು ಮಾಡಿಕೊಂಡು, ಅಡಿಗೆ ಅಂಟಿಸಿದ್ದ ಚೂಯಿಂಗ್ ಗಮ್ಮನ್ನು ಉಳಿಯಿಂದ ಕೆರೆಯುತ್ತಿದ್ದ.

"ನಿಮ್ಮ ಹುಡುಗ್ರು ಓದಿದ್ದಕ್ಕಿಂತ ಜಗಿದಿದ್ದೇ ಹೆಚ್ಚು ಕಾಣ್ತೈತೆ, ಸಾರ್" ಎಂದ.

ನಕ್ಕುಬಿಟ್ಟೆ. ಅಂದಿನಿಂದ ಸ್ನೇಹ.

ಮಧ್ಯಾಹ್ನ ಅವನಿಗೆ ಬುತ್ತಿ ತಂದವಳು ಹೆಂಡತಿ ಮಾರ್ತಮ್ಮ. ಆಕೆ ಕ್ರೈಸ್ತಳು, ಒಂದು ಆಸ್ಪತ್ರೆಯಲ್ಲಿ ಆಯಾ. ಈತ ಕೊಂಡಜ್ಜಿಯ ನಾಯಕರ ಪೈಕಿ. ಎರಡೂ ಮನೆಯವರು ಮುನಿಸಿಕೊಂಡಿದ್ದಾಗಲೇ ರಿಜಿಸ್ಟರ್ ಮದುವೆಯಾದವರು. ಅವಳು ತನ್ನ ದೇವರನ್ನು ಬಿಡಲಿಲ್ಲ, ಇವನು ಬಿಡು ಎನ್ನಲೂ ಇಲ್ಲ. ಭಾನುವಾರ ಬೆಳಿಗ್ಗೆ ಲೂನಾದಲ್ಲಿ ಅವಳನ್ನು ಚರ್ಚಿಗೆ ಬಿಟ್ಟು, ಆರಾಧನೆ ಮುಗಿಯುವವರೆಗೆ ಹೊರಗಿನ ಬೇವಿನ ಮರದಡಿ ಕುಳಿತಿರುತ್ತಿದ್ದ. ಒಳಗೆ ಬಾ ಎಂದು ಅವಳು ಕರೆದರೆ, ನಿನ್ನ ದೇವರಿಗೆ ನನ್ನ ಬೀಡಿಯ ವಾಸನೆ ಆಗಿಬರುವುದಿಲ್ಲ ಎನ್ನುತ್ತಿದ್ದನಂತೆ. ಮಕ್ಕಳಾಗಲಿಲ್ಲ. ಅದನ್ನೊಂದು ಕೊರತೆಯೆಂದು ಅವರು ಆಡಿದ್ದನ್ನು ನಾನು ಕೇಳಿಲ್ಲ.

ಕೊರೊನಾ ಬಂದುಹೋದ ಮರುವರ್ಷ ಮಾರ್ತಮ್ಮ ತೀರಿಕೊಂಡಳು. ಚರ್ಚಿನ ಸಮಾಧಿ ಭೂಮಿಯಲ್ಲಿ, ಗೋಡೆಯ ಬಳಿ ಮಣ್ಣು ಮಾಡಿದರು. ಅವಳಿಗೂ ಗೋಡೆಗೂ ನಡುವೆ ಇನ್ನೊಬ್ಬರಿಗೆ ಸಾಲುವಷ್ಟು ಜಾಗ ಉಳಿಯಿತು.

ಮುಂದಿನ ಭಾನುವಾರ ಪಾಲಯ್ಯ ಬೇವಿನ ಮರ ಬಿಟ್ಟು ಒಳಗೆ ಹೋಗಿ ಮಾರ್ತಮ್ಮ ಕೂರುತ್ತಿದ್ದ ಬೆಂಚಿನ ತುದಿಯಲ್ಲಿ ಕುಳಿತ. ಪಕ್ಕದಲ್ಲಿದ್ದವರು ಜ್ಞಾನರಾಜ, ಸಭೆಯ, ಅಂದರೆ ಆ ಚರ್ಚಿನ ಬಳಗದ, ಕಮಿಟಿ ಕಾರ್ಯದರ್ಶಿ. ಹಾಡಿನ ಪುಸ್ತಕ ತೆರೆದು, ಸಾಲು ಸಾಲಿಗೂ ಬೆರಳಿಟ್ಟು ತೋರಿಸಿದವರು ಅವರೇ. ಪ್ರಾರ್ಥನೆ ಬಾಯಿಪಾಠ ಮಾಡಿಸಿದವರೂ ಅವರೇ. ಪಾಲಯ್ಯನ ಬಾಯಲ್ಲಿ ಆ ವರ್ಷವೆಲ್ಲ ಜ್ಞಾನರಾಜಣ್ಣನದೇ ಮಾತು. ನನಗೆ ತುಸು ಅಸೂಯೆಯೂ ಆಯಿತು.

ಕೊನೆಗೆ ಅವನು ದೀಕ್ಷಾಸ್ನಾನ ಪಡೆದ. ಉಳಿದದ್ದು ಸಭೆಯ ಸದಸ್ಯರ ಪಟ್ಟಿಗೆ ಸೇರುವುದು. ಅಲ್ಲಿ ಒಂದು ಪದ್ಧತಿ. ಸೇರುವವರ ಹೆಸರನ್ನು ಮೂರು ಭಾನುವಾರ ವೇದಿಕೆಯಿಂದ ಓದುತ್ತಾರೆ. ಯಾರಿಗಾದರೂ ಆಕ್ಷೇಪವಿದ್ದರೆ ಅಷ್ಟರೊಳಗೆ ಹೇಳಬೇಕು. ಎರಡು ವಾರ ಓದಿದರು. ಮೂರನೆಯ ವಾರಕ್ಕೆ ನನ್ನನ್ನೂ ಕರೆದಿದ್ದ. ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ಬೆಳಿಗ್ಗೆಯೇ ಹೊರಟು, ಒಂದು ಡಬ್ಬಿ ಪೇಡೆ ಹಿಡಿದು ಹೋಗಿದ್ದೆ.

ಆ ದಿನ ಪಾಲಯ್ಯನ ಹೆಸರನ್ನು ಓದಲಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ಅವನನ್ನು ಪಕ್ಕದ ಕೋಣೆಗೆ ಕರೆದರು. ಪಾದ್ರಿಗಳನ್ನು ಅಲ್ಲಿ ಹಾಗೆಯೇ ಕರೆಯುವುದು. ಅವನು ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಹೋದೆ. ಇನ್ನೂ ಎಳೆಯ ವಯಸ್ಸಿನ ಅಯ್ಯನವರು ಸಂಕೋಚದಿಂದಲೇ ಕೇಳಿದರು: "ಕಂಬಳಿ ಹಾಸುವಷ್ಟು ಜಾಗಕ್ಕಾಗಿ ನೀವು ಸಭೆ ಸೇರುತ್ತಿದ್ದೀರಿ ಎಂದು ಆಕ್ಷೇಪ ಬಂದಿದೆ. ನಿಜವೇ?"

ಪಾಲಯ್ಯನ ಮುಖ ಬಿಳಿಚಿತು. ಪ್ರಶ್ನೆಗಲ್ಲ, ಆ ಮಾತಿಗೆ. ಆ ಮಾತನ್ನು ಅವನು ಆಡಿದ್ದು ಒಬ್ಬರೊಡನೆ ಮಾತ್ರ, ನನ್ನೊಡನೆಯೂ ಅಲ್ಲ. ಒಂದು ಸಂಜೆ ಚರ್ಚಿನ ಬೆಂಚಿಗೆ ಪಾಲಿಶ್ ಹಾಕುತ್ತ, ಅವಳ ಪಕ್ಕ ಒಂದು ಕಂಬಳಿ ಹಾಸುವಷ್ಟು ಜಾಗ ಐತೆ, ಅಷ್ಟು ಸಿಕ್ಕರೆ ಸಾಕು ಎಂದು ಜ್ಞಾನರಾಜರ ಮುಂದೆ ಮನಸ್ಸು ಬಿಚ್ಚಿದ್ದ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅಲ್ಲಿ ಮಣ್ಣು. ಜ್ಞಾನರಾಜರು ಅವನ ಹೆಗಲ ಮೇಲೆ ಕೈಯಿಟ್ಟು, ನನಗೆ ಬಿಡು ಎಂದಿದ್ದರಂತೆ.

"ನಿಜ, ಅಯ್ಯನೋರೆ" ಎಂದ ಪಾಲಯ್ಯ. "ಜಾಗಕ್ಕಂತಾನೇ ಒಳಗ ಬಂದೆ. ಬಂದ್ ಮ್ಯಾಲೆ ಬ್ಯಾರೆ ಏನೋ ಸಿಕ್ತು. ಅದನ್ನ ಹೆಂಗೆ ತೋರಿಸ್ಲಿ?"

ಅಯ್ಯನವರು ಮುಂದಿನ ಕಮಿಟಿಯಲ್ಲಿ ನೋಡೋಣ ಎಂದರು.

ಜ್ಞಾನರಾಜರು ಗೇಟಿನ ಬಳಿ ಎಲ್ಲರ ಕೈ ಕುಲುಕುತ್ತಿದ್ದರು. ಪಾಲಯ್ಯ ಎದುರು ನಿಂತ.

"ಯಾಕಣ್ಣ?"

"ನಿಯಮ ಅಂತ ಒಂದೈತಲ್ಲಪ್ಪ. ಗೊತ್ತಿದ್ದೂ ಸುಮ್ನಿದ್ರೆ ನನಗೇ ಪಾಪ" ಎಂದರು ಅವರು, ಇನ್ನೊಬ್ಬರತ್ತ ಕೈ ಚಾಚುತ್ತ.

ಪೇಡೆಯ ಡಬ್ಬಿ ನನ್ನ ಚೀಲದಲ್ಲೇ ಮನೆಗೆ ವಾಪಸಾಯಿತು.

ಆ ಮಳೆಗಾಲದಲ್ಲೇ, ಬಹುದಿನದಿಂದ ಹಾಸಿಗೆ ಹಿಡಿದಿದ್ದ ಜ್ಞಾನರಾಜರ ತಾಯಿ ತೀರಿಕೊಂಡರು. ಗುಣಿ ತೋಡಿಸಿದ್ದು ಮಾರ್ತಮ್ಮನಿಗೂ ಗೋಡೆಗೂ ನಡುವೆ. ನಿಯಮವೂ ಪಾಪವೂ ಎಲ್ಲಿಂದ ಹುಟ್ಟಿದವೆಂದು ಪಾಲಯ್ಯನಿಗೆ ಆಗ ತಿಳಿಯಿತು. ಆದರೂ ಮಣ್ಣಿಗೆ ಹೋದ. ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ ಬಂದ.

ಆಮೇಲಿನ ಕಮಿಟಿಯಲ್ಲಿ ಆಕ್ಷೇಪ ತಾನಾಗಿಯೇ ಬಿದ್ದುಹೋಯಿತು. ಹೆಸರನ್ನು ಹೊಸದಾಗಿ ಮೂರು ವಾರ ಓದಿದರು, ಪಟ್ಟಿಗೆ ಸೇರಿಸಿದರು. ಈ ಸಲ ನನ್ನನ್ನು ಕರೆಯಲಿಲ್ಲ. ಆಗಿಹೋದ ಮೇಲೆ ಫೋನಿನಲ್ಲಿ ಹೇಳಿದ. ಸಂತೋಷ ಎಂದೆ. ಕೆಲಸ ಐತೆ ಸಾರ್ ಎಂದು ಫೋನ್ ಇಟ್ಟ.

ಈಗ ಅವನಿಗೆ ಅರವತ್ತು ದಾಟಿದೆ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಾನೆ. ಶನಿವಾರ ಸಂಜೆ ಸಮಾಧಿ ಭೂಮಿಗೆ ಹೋಗಿ ಮಾರ್ತಮ್ಮನ ಸುತ್ತಲಿನ ಹುಲ್ಲು ಕೀಳುತ್ತಾನೆ. ಪಕ್ಕದ ಮುದುಕಿಯದನ್ನೂ ಕೀಳುತ್ತಾನೆ. ಅದೇಕೆ ಎಂದು ನಾನು ಸ್ವಲ್ಪ ಬಿರುಸಾಗಿಯೇ ಕೇಳಿದ್ದುಂಟು. "ಆ ಅಜ್ಜಿ ಏನ್ ಮಾಡ್ಯಾಳ್ರೀ ಸಾರ್. ಮಾರ್ತಿಗೆ ಮಾತಿಗೆ ಜೊತೆ ಆತು" ಎಂದ.

ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾನೆ. ಅದೇ ಬೆಂಚು, ಅದೇ ತುದಿ. ಅಲ್ಲಿ ಆರಾಧನೆಯ ನಡುವೆ ಸಮಾಧಾನ ಹಂಚುವ ಕ್ರಮವಿದೆ. ಒಬ್ಬರು ಎರಡು ಅಂಗೈಗಳ ನಡುವೆ ಪಕ್ಕದವರ ಕೈ ಹಿಡಿದು ಕೊಡಬೇಕು, ಅವರು ಮುಂದಿನವರಿಗೆ ದಾಟಿಸಬೇಕು. ಜ್ಞಾನರಾಜರೂ ಜಾಗ ಬದಲಿಸಿಲ್ಲ. ಕಳೆದ ತಿಂಗಳು ನಾನು ಹೋದಾಗ ಪಾಲಯ್ಯ ಸರಿದು, ಇಬ್ಬರ ನಡುವೆ ನನ್ನನ್ನು ಕೂರಿಸಿದ. ನಾನು ಇಲ್ಲದ ವಾರಗಳಲ್ಲಿ ಯಾರಾದರೊಬ್ಬರನ್ನು ಕರೆದು ಹೀಗೆಯೇ ಕೂರಿಸಿಕೊಳ್ಳುತ್ತಾನಂತೆ. ಸಮಾಧಾನ ಜ್ಞಾನರಾಜರ ಕೈಯಿಂದ ನನಗೆ ಬಂತು. ನಾನು ಪಾಲಯ್ಯನತ್ತ ತಿರುಗಿದೆ. ಕಾಯಿಗಟ್ಟಿದ ಆ ಎರಡೂ ಕೈಗಳನ್ನು ಚಾಚಿ, ಅವನು ಅದನ್ನು ನನ್ನಿಂದ ತೆಗೆದುಕೊಂಡ.