ಹೇಗೋ ನಡೀತಿದೆ ಎನ್ನುವ ಊರಿನಲ್ಲಿ ಲವಾನ್

ಲವಾನ್ ಹೆಗ್‌ಸ್ಟಾಡ್ ಅವರನ್ನು ನಾನು ಮೊದಲು ಕಂಡದ್ದು ಒಂದು ಆಗಸ್ಟ್ ತಿಂಗಳ ಬೆಳಿಗ್ಗೆ. ಪಶ್ಚಿಮ ಮಿನ್ನೆಸೋಟದ ನಾರ್ಹೋಮ್ ಊರಿನ ಶಾಲೆಗೆ ನಾನು ಮೇಷ್ಟರಾಗಿ ಬಂದು ಮೂರು ದಿನವಾಗಿತ್ತು. ಹೆಂಡತಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಹತ್ತು ತಿಂಗಳ ಮಗಳನ್ನು ಎತ್ತಿಕೊಂಡು ಹೋಗಿ ಅವರ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಹೆಂಗಸಿನ ಕೈಯಲ್ಲಿ ಒಂದೇ ಒಂದು ಪುಟ್ಟ ಬೂಟು.

"ಇದರ ಜೋಡಿ ನಿಮ್ಮ ಕಾಲಡಿ ಎಲ್ಲಾದ್ರೂ ಬಿದ್ದಿದೆಯಾ, ನೋಡಿ ಮೇಷ್ಟ್ರೇ" ಎಂದರು.

ನಾನು ಬಗ್ಗಿ ಹುಡುಕಿ ಎದ್ದು ನಿಲ್ಲುವಷ್ಟರಲ್ಲಿ ಮಗಳು ಅವರ ಸೊಂಟವನ್ನೇರಿದ್ದಳು. ಗೋಡೆಯಲ್ಲಿ ಮಕ್ಕಳು ಬಳಿದ ಚಿತ್ರಗಳ ನಡುವೆ ಮನೆಯಲ್ಲೇ ಊರ ಮಕ್ಕಳನ್ನು ನೋಡಿಕೊಳ್ಳಲು ರಾಜ್ಯ ಸರ್ಕಾರ ಕೊಟ್ಟ ಪರವಾನಗಿ ತೂಗುತ್ತಿತ್ತು. ಹತ್ತು ಮಕ್ಕಳಿಗೆ ಅವಕಾಶ, ಅದರಲ್ಲಿ ಕೂಸುಗಳು ಎರಡೇ. ನನ್ನ ಮಗಳು ಆ ಎರಡನೆಯವಳು.

ಆಗ ಊರಿನಲ್ಲಿ ಅಂಥ ಪರವಾನಗಿಯುಳ್ಳ ಮನೆಗಳು ಆರು ಇದ್ದವು. ವರ್ಷಗಳು ಕಳೆದಂತೆ ಒಂದೊಂದಾಗಿ ಮುಚ್ಚಿದವು. ಕೊನೆಗೆ ಉಳಿದದ್ದು ಲವಾನ್ ಅವರದೊಂದೇ. ಇಪ್ಪತ್ತಾರು ವರ್ಷ ನೆಲದಿಂದ ಮಕ್ಕಳನ್ನು ಎತ್ತಿ ಎತ್ತಿ ಅವರ ಎರಡು ಮಂಡಿಗಳೂ ಸವೆದಿದ್ದವು. ಶಸ್ತ್ರಚಿಕಿತ್ಸೆ ಆಗಲೇಬೇಕು, ಆದ ಮೇಲೆ ಕೂಸುಗಳನ್ನು ಎತ್ತುವಂತಿಲ್ಲ ಎಂದು ವೈದ್ಯರು ಹೇಳಿಬಿಟ್ಟರು.

"ಬರೋ ಜೂನ್‌ಗೆ ಪರವಾನಗಿ ವಾಪಸ್ ಕೊಡ್ತೀನಿ" ಎಂದು ಅವರು ಒಂದು ದಿನ ನನಗೆ ಹೇಳಿದರು. "ಆದ್ರೆ ನನ್ನ ಬಾಗಿಲು ಮುಚ್ಚೋಕೆ ಮುಂಚೆ ಈ ಹತ್ತು ಮಕ್ಕಳಿಗೆ ಇನ್ನೊಂದು ಬಾಗಿಲು ತೆರೆದಿರ್ಬೇಕು."

ನಮ್ಮ ಶಾಲೆಯ ಒಂದು ಪಾರ್ಶ್ವ ಮಕ್ಕಳಿಲ್ಲದೆ ಖಾಲಿ ಬಿದ್ದಿತ್ತು. ಅಲ್ಲಿ ದೊಡ್ಡ ಪಾಲನಾ ಕೇಂದ್ರವನ್ನೇ ತೆರೆಯಬಹುದೆಂದು ಅವರ ಯೋಚನೆ. ಅಗತ್ಯವನ್ನು ತೋರಿಸಿದರೆ ಅರ್ಧ ಹಣವನ್ನು ರಾಜ್ಯ ಕೊಡುವುದಿತ್ತು. ಕೌಂಟಿ, ಅಂದರೆ ಜಿಲ್ಲೆಯ, ಕಚೇರಿಯವರು ಮನೆಮನೆಗೆ ಅಂಚೆಯಲ್ಲಿ ಒಂದು ಪ್ರಶ್ನೆ ಕಳುಹಿಸಿದರು: ನಿಮ್ಮ ಮಗುವನ್ನು ನೋಡಿಕೊಳ್ಳಲು ನೆರವು ಬೇಕೇ?

ಉತ್ತರಗಳನ್ನು ಊರಿನ ಸಭೆಯಲ್ಲಿ ಓದಿದವನು ಕಚೇರಿಯ ಕರ್ಟಿಸ್. ಚಿಕ್ಕಂದಿನಲ್ಲಿ ಲವಾನ್ ಅವರ ಮನೆಯಲ್ಲೇ ಬೆಳೆದವನು. "ನೂರಾ ನಲವತ್ತು ಕಾಗದ ಬಂದಿದೆ. ನೂರಾ ಇಪ್ಪತ್ತೊಂದರಲ್ಲಿ 'ಬೇಡ, ಹೇಗೋ ನಡೀತಿದೆ' ಅಂತ ಬರ್ದಿದಾರೆ. ಇದನ್ನ ನೋಡಿದ್ರೆ ನಿಮ್ಮೂರಲ್ಲಿ ಮಕ್ಕಳೇ ಹುಟ್ಟಿಲ್ಲ ಅನ್ಸುತ್ತೆ."

ಎಲ್ಲರೂ ನಕ್ಕರು. ಲವಾನ್ ನಗಲಿಲ್ಲ.

"ಕರ್ಟಿಸ್, ನೀನು ಇದೇ ಊರಲ್ಲಿ ಬೆಳೆದೋನಲ್ವೇನೋ? ಕಾಫಿ ಬೇಕಾ ಅಂತ ಒಂದೇ ಸಲ ಕೇಳಿ ಎದ್ದು ಬಂದಿದೀಯಲ್ಲ!"

ಈ ಊರಿನಲ್ಲಿ ಕಾಫಿ ಬೇಕೇ ಎಂದರೆ ಮೊದಲ ಸಲ "ಬೇಡ". ಎರಡನೆಯ ಸಲ "ನಿಮಗ್ಯಾಕೆ ತೊಂದ್ರೆ". ಮೂರನೆಯ ಸಲ "ಮಾಡಿದ್ದಿದ್ರೆ ಅರ್ಧ ಕಪ್ಪು". ಮೊದಲ ಸಲಕ್ಕೇ ಕೈಚಾಚಿದವನು ಹೊರಗಿನವನೇ ಸರಿ. ಅಂಚೆಯ ಕಾಗದ ಕೇಳಿದ್ದು ಒಂದೇ ಸಲ. ಜನ ಮರ್ಯಾದೆಯಿಂದ ಬೇಡವೆಂದಿದ್ದರು.

ಮುಂದಿನ ಮೂರು ವಾರ, ಮಕ್ಕಳು ಮನೆಗೆ ಹೋದ ಮೇಲೆ, ಲವಾನ್ ಒಂದೊಂದೇ ಮನೆಗೆ ಹೋದರು. ಮಂಡಿನೋವಿನಿಂದ ಕಾರು ನಡೆಸಲಾಗದು, ಅದಕ್ಕೆ ನಾನು. ಬರೆದುಕೊಳ್ಳುವ ಕೆಲಸವೂ ನನ್ನದೇ. ಒಂದು ಭಾನುವಾರ ಮಳೆ ಬಂದು ಮೆಕ್ಕೆಜೋಳದ ಕೊಯ್ಲು ನಿಂತಿತ್ತು. ಡೇರಿಲ್ ಸ್ಟೂವೆ ಎಂಬ ರೈತನ ಅಡುಗೆಮನೆಯಲ್ಲಿ ಕುಳಿತೆವು.

"ನಮಗೇನೂ ಬೇಡ ಲವಾನ್, ನಡೀತಿದೆ."

"ಸರಿ. ಹೆಂಡ್ತಿ ಜೋಳದ ಕಾರ್ಖಾನೇಲಿ, ನೀನು ಹೊಲದಲ್ಲಿ. ಮಗು?"

"ನಮ್ಮಪ್ಪ ಇದಾನಲ್ಲ."

"ನಿಮ್ಮಪ್ಪನ್ನ ಯಾರು ನೋಡ್ಕೋತಾರೆ?"

"ಮಗೂನೇ ನೋಡ್ಕೊಳ್ಳುತ್ತೆ ಅಂತಿಟ್ಕೋ" ಎಂದು ಡೇರಿಲ್ ನಕ್ಕ.

ಲವಾನ್ ಕಾಫಿಯನ್ನು ಒಂದು ಗುಟುಕು ಕುಡಿದರು. "ಹೋದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮಗು ಎಲ್ಲಿತ್ತು, ಡೇರಿಲ್?"

ಅವನು ಬಹಳ ಹೊತ್ತು ಚಮಚ ತಿರುಗಿಸಿದ. "ಕೊಯ್ಲಿನ ಯಂತ್ರದೊಳಗೆ. ನನ್ನ ಸೀಟಿನ ಹಿಂದೆ. ಒಂದು ವಾರ ಅಂತ ಶುರು ಮಾಡಿದ್ದು, ಮೂರು ವಾರ ಆಯ್ತು. ಹಿಂದೆ ತಿರುಗಿ ನೋಡೋಕೇ ಹೆದರಿಕೆ ಆಗುತ್ತೆ."

ಅವರು ಗದರಲಿಲ್ಲ. "ಬರ್ಕೊಳ್ಳಿ ಮೇಷ್ಟ್ರೇ" ಎಂದರು.

"ಹೆಸರು ಹಾಕ್ಬೇಡಿ."

"ನಿನ್ನ ಹೆಸರು ಯಾರಿಗೆ ಬೇಕಯ್ಯಾ? ಜಾಗ ಬರ್ಕೋತಿದೀವಿ."

ಹಾಗೆ ಅರವತ್ತಮೂರು ಮಕ್ಕಳ ಮಂಗಳವಾರ ನನ್ನ ಪುಸ್ತಕದಲ್ಲಿ ಸೇರಿತು. ಬ್ಯಾಂಕಿನ ಹಿಂದಿನ ಕೋಣೆ, ಕ್ಷೌರದಂಗಡಿಯ ಮೂಲೆ, ರಾತ್ರಿಪಾಳಿ ಮುಗಿಸಿ ಬಂದು ತೂಕಡಿಸುವ ದಾದಿಯ ಮಡಿಲು. ಕರ್ಟಿಸ್ ಅದನ್ನು ಓದುತ್ತಾ, "ಕೊಯ್ಲಿನ ಯಂತ್ರ, ನಾಲ್ಕು" ಎಂಬಲ್ಲಿ ನಿಲ್ಲಿಸಿ ಕನ್ನಡಕ ತೆಗೆದ. ಆ ಪಟ್ಟಿಯೇ ಅರ್ಜಿಯ ಮೊದಲ ಪುಟವಾಯಿತು. ರಾಜ್ಯ ಒಪ್ಪಿತು.

ಉಳಿದರ್ಧ ಹಣದ ಮಾತು ಬಂದಾಗ, ಕೂಸುಗಳ ಕೋಣೆಯನ್ನು ಬಿಟ್ಟುಬಿಡೋಣ, ಅದಕ್ಕೆ ಹೆಚ್ಚು ಆಯಾಗಳು ಬೇಕು, ಯಾವತ್ತೂ ನಷ್ಟದ್ದೇ ಎಂದು ಒಬ್ಬರು ಸೂಚಿಸಿದರು.

"ಬಿಡಿ, ಅದಕ್ಕೇನಂತೆ" ಎಂದರು ಲವಾನ್. "ನಮ್ಮೂರ ತಾಯಂದ್ರಿಗೆ ಇನ್ಮೇಲೆ ನಾಲ್ಕು ವರ್ಷದ ಮಕ್ಕಳನ್ನೇ ಹೆರೋಕೆ ಹೇಳಿ!"

ಆ ಮಾತು ಮತ್ತೆ ಏಳಲಿಲ್ಲ. ಉಳಿದರ್ಧ ಹಣವನ್ನೂ ಕೂಸುಗಳ ಕೋಣೆಯ ನಷ್ಟವನ್ನೂ ಜೋಳದ ಕಾರ್ಖಾನೆಯೂ ಆಸ್ಪತ್ರೆಯೂ ಹಂಚಿಕೊಂಡವು. ಎರಡಕ್ಕೂ ಕೆಲಸಗಾರರು ಬೇಕಿದ್ದರು. ಶಾಲೆ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಜಾಗ ಬಿಟ್ಟುಕೊಟ್ಟಿತು.

ಜೂನ್ ಬಂದರೂ ಕೇಂದ್ರಕ್ಕೆ ಪರವಾನಗಿ ಬರಲಿಲ್ಲ. ಕೂಸುಗಳ ಬಟ್ಟೆ ಬದಲಿಸುವಲ್ಲಿ ಕೈತೊಳೆಯಲು ಇನ್ನೊಂದು ಸಿಂಕ್ ಬೇಕೆಂದು ತಪಾಸಣೆಯವರು ಹೇಳಿದ್ದರು. ಲವಾನ್ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಆ ಬೇಸಿಗೆಯಿಡೀ ಕುರ್ಚಿಯಲ್ಲಿ ಕುಳಿತೇ ಮಕ್ಕಳನ್ನು ನೋಡಿಕೊಂಡರು. ಸೆಪ್ಟೆಂಬರಿನಲ್ಲಿ ಕೇಂದ್ರದ ಪರವಾನಗಿ ಬಂತು. ಒಂದು ಬೆಳಿಗ್ಗೆ ಲವಾನ್ ಉದ್ದನೆಯ ಹಗ್ಗಕ್ಕೆ ಗಂಟುಗಳನ್ನು ಹಾಕಿ, ಗಂಟಿಗೊಂದು ಮಗುವನ್ನು ಹಿಡಿಸಿ, ಎರಡು ಕೂಸುಗಳ ಗಾಡಿಯನ್ನು ನನ್ನ ಕೈಗೆ ಕೊಟ್ಟು, ಕೋಲೂರಿಕೊಂಡು ಶಾಲೆಯವರೆಗೆ ನಡೆದರು. ಹತ್ತನ್ನೂ ಒಳಗೆ ಬಿಟ್ಟು ಮನೆಗೆ ಬಂದು, ಗೋಡೆಯ ಪರವಾನಗಿಯನ್ನು ತೆಗೆದು ಲಕೋಟೆಗೆ ಹಾಕಿದರು.

ಈಗ ಅವರಿಗೆ ಎಪ್ಪತ್ತೆರಡು. ಎರಡೂ ಮಂಡಿಗಳು ಹೊಸವು. ಕಾರನ್ನು ಅವರೇ ನಡೆಸುತ್ತಾರೆ. ಕೇಂದ್ರದಲ್ಲಿ ಐವತ್ತು ಮಕ್ಕಳಿದ್ದಾರೆ, ಹದಿನೈದು ಕೂಸುಗಳು ಕಾಯುವ ಪಟ್ಟಿಯಲ್ಲಿವೆ. ಆದ್ದರಿಂದ ಸುತ್ತಲ ಹಳ್ಳಿಗಳಲ್ಲಿ ಮನೆಯಲ್ಲೇ ಪರವಾನಗಿ ಪಡೆಯಬಯಸುವ ಹುಡುಗಿಯರಿಗೆ ಅರ್ಜಿ ತುಂಬಲು ನೆರವಾಗುವುದು ಈಗ ಅವರ ಕೆಲಸ. ಕಳೆದ ಗುರುವಾರ ಇಪ್ಪತ್ತು ಮೈಲಿ ದೂರದ ಒಂದು ಮನೆಯ ನೆಲಮಾಳಿಗೆಯಲ್ಲಿ ಅವರನ್ನು ಕಂಡೆ. ಬೆಂಕಿ ಬಿದ್ದರೆ ಮಗುವನ್ನು ಹೊರಗೆ ದಾಟಿಸುವಷ್ಟು ಕಿಟಕಿ ಅಗಲವಿದೆಯೇ ಎಂದು ಟೇಪು ಹಿಡಿದು ಅಳೆಯುತ್ತಿದ್ದರು.