ಲಕ್ಕವ್ವ ಹಾಕಿದ ಗಂಟು

ದೆವ್ವ ಭೂತ ಎಂದವರನ್ನು ತರಗತಿಯಲ್ಲೇ ಗೇಲಿ ಮಾಡುತ್ತಿದ್ದವನು ನಾನು. ವಿಜ್ಞಾನದ ಮಾಸ್ತರ ಎಂಬ ಜಂಬ ಬೇರೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಆ ಒಂದು ಸಂಜೆ ನೆನಪಾದರೆ ಗೇಲಿ ಮಾಡುವ ಬಾಯಿ ತಾನಾಗಿ ಮುಚ್ಚುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ಹುಕ್ಕೇರಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಒಂಬತ್ತನೆಯ ತರಗತಿಯ ಮಕ್ಕಳು ನನ್ನ ಜೊತೆ ಸೇರಿ ನೀರಿನೊಳಗೆ ಓಡಾಡುವ ಯಂತ್ರವೊಂದನ್ನು ಕಟ್ಟಿದ್ದರು. ಪ್ಲಾಸ್ಟಿಕ್ ಪೈಪಿನ ಚೌಕಟ್ಟು, ನೀರು ಒಳಹೋಗದಂತೆ ಮೇಣ ತುಂಬಿದ ಕ್ಯಾಮೆರಾ ಫಿಲ್ಮಿನ ಡಬ್ಬಿಗಳಲ್ಲಿ ಮೂರು ಸಣ್ಣ ಮೋಟರು, ದಂಡೆಯ ಮೇಲೆ ಬ್ಯಾಟರಿ, ನಡುವೆ ಉದ್ದನೆಯ ವಾಯರು. ತೇಲುವುದು, ಮುಳುಗುವುದು, ಒತ್ತಡ, ಎಲ್ಲ ಪಾಠವೂ ಶಾಲೆಯ ಬಾವಿಯಲ್ಲೇ ಆಗುತ್ತಿತ್ತು. ತೊಡಕಾದದ್ದು ಒಂದೇ. ಯಂತ್ರ ತಿರುಗಿದಾಗೆಲ್ಲ ವಾಯರು ಜಗ್ಗಿ ಬೆಸುಗೆ ಕಿತ್ತುಬರುತ್ತಿತ್ತು. ಕುರುಬರ ಮನೆಯ ಲಕ್ಕವ್ವ ಎಂಬ ವಿದ್ಯಾರ್ಥಿನಿ, ಕುರಿಮರಿ ಕಟ್ಟುವ ಗಂಟನ್ನೇ ಹಾಕಿ ವಾಯರನ್ನು ಚೌಕಟ್ಟಿಗೆ ಕಟ್ಟಿದಳು.

“ಎಷ್ಟ್ ಜಗ್ಗಿದ್ರೂ ಮರಿ ಕುತ್ತಿಗಿ ಬಿಗಿಯಂಗಿಲ್ರಿ ಸರ್,” ಅಂದಳು. ಅಂದಿನಿಂದ ಒಂದು ಬೆಸುಗೆಯೂ ಹೋಗಲಿಲ್ಲ.

ಗೋಕಾಕದ ವಿಜ್ಞಾನ ಪ್ರದರ್ಶನಕ್ಕೆ ಇಬ್ಬರೇ ಮಕ್ಕಳಿಗೆ ಅವಕಾಶ. ಚಟಪಟ ಮಾತಾಡುವ ಇಬ್ಬರನ್ನು ಕರೆದೊಯ್ದೆ. ತೀರ್ಪುಗಾರರು ಗಂಟನ್ನು ಮುಟ್ಟಿ ನೋಡಿ, ಇದು ಯಾರ ಉಪಾಯ ಎಂದು ಕೇಳಿದರು. ನನ್ನದೇ ಎಂದೆ. ಯಾಕೆ ಹಾಗಂದೆನೋ, ಬಾಯಿಗೆ ಬಂತು, ಅಂದುಬಿಟ್ಟೆ. ಬಹುಮಾನವೂ ಬಂತು.

ಮುಂದಿನ ವಾರ ಊರ ಹಿರಿಯರೆದುರು ಬಾವಿಯಲ್ಲಿ ಯಂತ್ರ ಬಿಟ್ಟು ತೋರಿಸಬೇಕಿತ್ತು. ವಾಯರು ಹಿಡಿಯುವುದು ಯಾವತ್ತೂ ಲಕ್ಕವ್ವನ ಕೆಲಸ. ಯಾರಾದರೂ ಅವಳನ್ನು ಮಾತಾಡಿಸಿದರೆ ನನ್ನ ಸುಳ್ಳು ಹೊರಬೀಳುತ್ತದೆಂದು ಹೆದರಿ, ನೀನು ಬರುವುದು ಬೇಡ ಎಂದೆ. ಆ ಗಂಟು ಕಂಡರೆ ನನಗೇ ಕಸಿವಿಸಿ. ಅದನ್ನೂ ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ವಾಯರು ಬಿಗಿದೆ.

ಯಂತ್ರ ಮುಳುಗಿದ್ದೇ ತಡ, ತಳದಲ್ಲೆಲ್ಲೋ ಸಿಕ್ಕಿಕೊಂಡಿತು. ಹಿರಿಯರು ಚಹಾ ಕುಡಿದು ಹೋದರು, ಮಕ್ಕಳೂ ಹೋದರು. ಸಂಜೆ ಐದರ ಹೊತ್ತಿಗೆ ಬ್ಯಾಟರಿ ಕಳಚಿಟ್ಟು, ವಾಯರನ್ನು ಕೈಗೆ ಸುತ್ತಿಕೊಂಡು ಬಾವಿಕಟ್ಟೆಯ ಮೇಲೆ ಒಬ್ಬನೇ ಕೂತಿದ್ದೆ. ಆಗ ಕೆಳಗಿನಿಂದ ಯಾರೋ ಎರಡು ಸಲ ಜಗ್ಗಿದರು. ಜಗ್ಗಿದ ಹಾಗಾಯಿತು ಎನ್ನಲಾರೆ, ಜಗ್ಗಿದರು. ಬೆರಳ ಮೇಲೆ ಕೆಂಪು ಗೆರೆ ಮೂಡಿತ್ತು. ಆಮೇಲೆ ವಾಯರು ಸಡಿಲಾಯಿತು. ಎಳೆದರೆ ಯಂತ್ರ ಸರಾಗವಾಗಿ ಮೇಲೆ ಬಂತು. ಪ್ಲಾಸ್ಟಿಕ್ ಪಟ್ಟಿ ಇರಲಿಲ್ಲ. ಅದರ ಜಾಗದಲ್ಲಿ ಲಕ್ಕವ್ವನ ಗಂಟಿತ್ತು.

ಹುಡುಗಿ ಬಾವಿಗೇನಾದರೂ ಬಿದ್ದಳೇ ಎಂದು ಬಗ್ಗಿ ನೋಡಿದೆ, ಯಾರೂ ಕಾಣಲಿಲ್ಲ. ಸೈಕಲ್ ಹತ್ತಿ ಅವರ ಮನೆಗೆ ಹೋದೆ. ಹತ್ತರಗಿ ಕಡೆ ಕುರಿ ಮೇಯಿಸಿ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು. ಬೆಳಗಿನಿಂದ ಅಪ್ಪನ ಜೊತೆಗೇ ಇದ್ದಳಂತೆ.

“ಮ್ಯಾಲ ಬಂತೇನ್ರಿ ಸರ್?” ಎಂದು ಕೇಳಿದಳು.

ಸಿಕ್ಕಿಕೊಂಡದ್ದನ್ನು ನಾನಿನ್ನೂ ಹೇಳಿರಲಿಲ್ಲ. ಮಕ್ಕಳು ದಾರಿಯಲ್ಲಿ ಹೇಳಿರಬಹುದು. ಆದರೆ ಗಂಟು? ಅದಕ್ಕೆ ಇಷ್ಟು ವರ್ಷವಾದರೂ ಉತ್ತರ ಸಿಕ್ಕಿಲ್ಲ. ಯಂತ್ರ ನನ್ನ ಟ್ರಂಕಿನಲ್ಲಿದೆ, ಗಂಟು ಬಿಚ್ಚುವ ಧೈರ್ಯವಾಗಿಲ್ಲ.

ಬಹುಮಾನ ನಿನ್ನದು ಎಂದು ಅವತ್ತೇ ಅವಳಿಗೆ ಹೇಳಬಹುದಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದಿದ್ದೆ. “ಬಂತವಾ,” ಎಂದಷ್ಟೇ ಹೇಳಿ ಸೈಕಲ್ ತಿರುಗಿಸಿದೆ.