ನೋಡದೆ ಬರೆದ ಒಂದು ಸಾಲು

ಕಳೆದ ಜನವರಿಯಲ್ಲಿ ಲಡಾಖ್‌ನ ಮಹಿಳಾ ಐಸ್ ಹಾಕಿ ಪಂದ್ಯಾವಳಿಯಲ್ಲಿ ನಮ್ಮ ರಾಜ್ಯದ ಗೋಲು ಕಾದವಳು ಅರಸೀಕೆರೆಯ ಪ್ರತಿಮಾ ಎಂಬುದು ಅರಸೀಕೆರೆಯಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ತಂದೆ ಷಡಕ್ಷರಪ್ಪನವರ ಕೊಬ್ಬರಿ ಮಂಡಿಯ ಸಿಮೆಂಟ್ ನೆಲದಲ್ಲಿ ಗಾಲಿ ಸ್ಕೇಟ್ ಕಟ್ಟಿಕೊಂಡು ಕಲಿತವಳು ಅವಳು. ಮಂಜುಗಡ್ಡೆಯ ಮೇಲೆ ಮೊದಲು ನಿಂತದ್ದೇ ಇಪ್ಪತ್ತು ದಾಟಿದ ಮೇಲೆ. ಮೂರನೇ ಸ್ಥಾನದ ಪಂದ್ಯದಲ್ಲಿ ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ ಎಡಭುಜಕ್ಕೆ ಬಡಿಯಿತು. ಕೈ ಎತ್ತಲಾಗದಿದ್ದರೂ ಕೊನೆಯ ಏಳು ನಿಮಿಷ ಅವಳು ಒಂದು ಗೋಲನ್ನೂ ಬಿಡಲಿಲ್ಲ. ತಂಡಕ್ಕೆ ಕಂಚು ಬಂತು.

ಮಾರ್ಚ್ ಹೊತ್ತಿಗೆ ಭುಜ ವಾಸಿಯಾಯಿತು. ಆಗಸ್ಟ್‌ನಲ್ಲಿ ಮುಂದಿನ ವರ್ಷದ ತಂಡದ ಪಟ್ಟಿ ಬಂದಾಗ ಅವಳ ಹೆಸರೇ ಇರಲಿಲ್ಲ. ‘ಭುಜದ ಗಾಯದ ಕಾರಣ ಅನರ್ಹ’ ಎಂದು ಒಂದು ಸಾಲು ಬರೆದಿದ್ದರು. ಯಾವ ವೈದ್ಯರೂ ಅವಳನ್ನು ನೋಡಿರಲಿಲ್ಲ. ಅವಳ ಜಾಗಕ್ಕೆ ಆಯ್ಕೆಯಾದವಳು ರಾಜ್ಯ ಐಸ್ ಹಾಕಿ ಸಂಘದ ಕಾರ್ಯದರ್ಶಿ ನಟರಾಜ್ ಅವರ ಅಣ್ಣನ ಮಗಳು. ಆಕೆ ಒಂದು ಪಂದ್ಯದಲ್ಲೂ ಗೋಲು ಕಾದವಳಲ್ಲ.

ತಾಯಿ ಮಹದೇವಮ್ಮನನ್ನು ಕರೆದುಕೊಂಡು ಪ್ರತಿಮಾ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಸಂಘದ ಕಚೇರಿಗೆ ಹೋದಳು.

“ನನ್ನನ್ನ ನೋಡಿದ ಡಾಕ್ಟ್ರು ಯಾರು ಸರ್? ಹೆಸರು ಹೇಳಿ.”

“ನಿನ್ನ ಒಳ್ಳೇದಕ್ಕೇ ಕಣಮ್ಮ. ನಾಳೆ ಮದುವೆ ಆಗೋಳು, ಕೈ ಮುರ್ಕೊಂಡ್ರೆ?” ಎಂದರು ನಟರಾಜ್.

ಮಹದೇವಮ್ಮ ಎದ್ದು ನಿಂತರು. “ಎರಡು ತಿಂಗ್ಳು ಆ ಭುಜಕ್ಕೆ ಎಣ್ಣೆ ತಿಕ್ಕಿದೋಳು ನಾನು ಕಣ್ರೀ. ಈಗ ಚೆನ್ನಾಗೈತೆ. ನೀವು ಯಾವತ್ತು ಬಂದು ನೋಡಿದ್ರಿ?”

“ನನ್ನನ್ನೂ ನಿಮ್ಮ ಅಣ್ಣನ ಮಗಳನ್ನೂ ಗೋಲಿಗೆ ನಿಲ್ಸಿ ಸರ್,” ಎಂದಳು ಪ್ರತಿಮಾ. “ಜಾಸ್ತಿ ತಡೆದೋರು ಹೋಗ್ಲಿ.”

“ಹಾಗೆಲ್ಲ ನಿಯಮ ಇಲ್ಲಮ್ಮ.”

“ನೋಡದೇ ಬರೆಯೋಕೆ ನಿಯಮ ಇದೆಯಾ?”

ನಟರಾಜ್ ಗಂಟೆ ಒತ್ತಿ ಕಾಫಿ ತರಿಸಿದರು. ಅದನ್ನು ತಾಯಿ ಮಗಳಿಬ್ಬರೂ ಮುಟ್ಟದೆ ಹೊರಬಂದರು.

ವಾರದೊಳಗೆ ಪ್ರತಿಮಾ ವೈದ್ಯರ ಪ್ರಮಾಣಪತ್ರ ಕಳಿಸಿದಳು. ತಂಡದ ನಾಯಕಿ ಅಕ್ಷತಾ ಮತ್ತು ಇತರ ಆರು ಆಟಗಾರ್ತಿಯರು, ಆಯ್ಕೆಯ ಟ್ರಯಲ್ಸ್ ನಡೆಸದಿದ್ದರೆ ತಾವೂ ಆಡುವುದಿಲ್ಲವೆಂದು ಬರೆದು ಸಹಿ ಹಾಕಿದರು. ಸಂಘ ಮಣಿಯಲೇಬೇಕಾಯಿತು.

ಅಕ್ಟೋಬರ್‌ನ ಟ್ರಯಲ್ಸ್‌ನಲ್ಲಿ ಸಾಲಾಗಿ ನಾಲ್ಕು ಗೋಲು ಬಿಟ್ಟ ಕಾರ್ಯದರ್ಶಿಯ ಸಂಬಂಧಿ ಹುಡುಗಿ ಹೆಲ್ಮೆಟ್ ತೆಗೆದಳು. “ನಂಗೆ ಬರಲ್ಲ ಅಂತ ಮೊದ್ಲೇ ಹೇಳಿದ್ದೆ ಚಿಕ್ಕಪ್ಪ,” ಎಂದು ಎಲ್ಲರೆದುರೇ ಅತ್ತಳು. ಅವಳ ಮೇಲೆ ಪ್ರತಿಮಾಗೆ ಸಿಟ್ಟು ಬರಲಿಲ್ಲ. ಆ ಮಗುವನ್ನೂ ಹೀಗೆ ನಿಲ್ಲಿಸಿದರಲ್ಲ ಎಂದು ಕಾರ್ಯದರ್ಶಿಯ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಹೊಸ ಪಟ್ಟಿಯಲ್ಲಿ ಪ್ರತಿಮಾಳ ಹೆಸರು ಬಂತು. ‘ಅನರ್ಹ’ ಎಂದದ್ದನ್ನು ಬರವಣಿಗೆಯಲ್ಲೇ ಹಿಂತೆಗೆದುಕೊಳ್ಳುವವರೆಗೆ ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಕೊನೆಗೂ ಆ ಮಾತನ್ನು ಹಿಂತೆಗೆದುಕೊಂಡ ಸಂಘದ ಪತ್ರ ಬಂತು. ಅದರಲ್ಲಿ ಕ್ಷಮೆಯ ಮಾತಿರಲಿಲ್ಲ. ಕ್ಷಮೆ ಕೇಳಬೇಕೆಂದು ಇನ್ನೊಂದು ಪತ್ರ ಬರೆದು, ಅಂಚೆಗೆ ಹಾಕಿಯೇ ಅವಳು ಲಡಾಖ್‌ಗೆ ಹೊರಟಳು.